ಹೆರಿಗೆ ಕೋಣೆಯಲ್ಲಿ ಡೌಲಾ ಯಾರ ಪರ? ಆಸ್ಪತ್ರೆಯಲ್ಲಿ ತಾಯಿಯ ಮಾತಿಗೆ ಜಾಗ ಮಾಡಿಕೊಡುವ ಸಮಗ್ರ ಮಾರ್ಗದರ್ಶಿ

ಡೌಲಾ ಎಂದರೆ ಹೆರಿಗೆಯ ಹೊತ್ತಿನಲ್ಲಿ ತಾಯಿಯ ಜೊತೆಗಿದ್ದು ಆಸರೆಯಾಗುವ, ಆದರೆ ಚಿಕಿತ್ಸೆ ಮಾಡದ ಸಂಗಾತಿ. ಆಸ್ಪತ್ರೆಗಳಲ್ಲಿ ಕೆಲಸ ಶುರು ಮಾಡಿದ ಡೌಲಾಗಳು ಪದೇಪದೇ ಕೇಳುವ ಪ್ರಶ್ನೆಗಳು ಎರಡೇ ಬಗೆಯವು. "ಡಾಕ್ಟರ್ ಎದುರು ಮಾತಾಡಿದೆ, ಹೊರಗೆ ಹೋಗಿ ಅಂದುಬಿಟ್ಟರು, ಈಗೇನು ಮಾಡಲಿ?" ಎನ್ನುವವರು ಒಂದಿಷ್ಟು ಜನ. "ಏನೋ ಸರಿಯಿಲ್ಲ ಅಂತ ಗೊತ್ತಾಯಿತು, ಆದರೂ ಸುಮ್ಮನಿದ್ದೆ" ಎನ್ನುವವರು ಇನ್ನೊಂದಿಷ್ಟು ಜನ. ಎರಡೂ ಕಡೆ ಕೊನೆಗೆ ಒಂಟಿಯಾಗುವುದು ಹೆರಿಗೆ ನೋವಿನಲ್ಲಿರುವ ಹೆಂಗಸೇ.

ಬಹುತೇಕ ಸಲ ಎಡವಟ್ಟಾಗುವುದು ಕ್ರಮದಲ್ಲಿ. ವಾರಗಟ್ಟಲೆ ಮೊದಲೇ ಮುಗಿಸಬೇಕಿದ್ದ ಮಾತುಕತೆಯನ್ನು ಮಂಚದ ಪಕ್ಕ ನಿಂತು ಶುರು ಮಾಡುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ. ಮೊದಲ ನಾಲ್ಕು ಆಗದೆ ಐದನೆಯದು ಕೈಗೆ ಸಿಗುವುದಿಲ್ಲ.

## ಮೊದಲು ಕೈಯಲ್ಲಿರಬೇಕಾದವು

ತಾಯಿಯೊಂದಿಗೆ ಮಾಡಿಕೊಂಡ ಲಿಖಿತ ಒಪ್ಪಂದ. ಹೆರಿಗೆ ಹೇಗಾಗಬೇಕೆಂಬ ತಾಯಿಯ ಆಸೆಗಳನ್ನು ಬರೆದ ಒಂದೇ ಪುಟದ ಹೆರಿಗೆ ಆಶಯ ಪತ್ರ, ಮೂರು ಪ್ರತಿ: ಒಂದು ಕೇಸ್ ಶೀಟಿಗೆ, ಒಂದು ಡ್ಯೂಟಿ ನರ್ಸ್ ಕೈಗೆ, ಒಂದು ನಿಮ್ಮ ಬಳಿ. ಹೆರಿಗೆ ಸಂಗಾತಿಗಳ ಬಗ್ಗೆ ಆ ಆಸ್ಪತ್ರೆಯ ನಿಯಮ ಏನೆಂಬ ಬರಹ. ಜೇಬಿನಲ್ಲಿ ಹಿಡಿಸುವ ಪುಸ್ತಕ, ಪೆನ್ನು, ಕೈಗಡಿಯಾರ.

ಟಿಪ್ಪಣಿಯನ್ನು ಮೊಬೈಲಿನಲ್ಲಿ ಬರೆಯಬೇಡಿ. ನೀವು ರೆಕಾರ್ಡ್ ಮಾಡುತ್ತಿದ್ದೀರಿ ಎಂಬ ಅನುಮಾನ ಸಿಬ್ಬಂದಿಗೆ ಒಮ್ಮೆ ಬಂದರೆ, ಆಮೇಲೆ ನೀವು ಹೇಳುವ ಒಂದು ಮಾತೂ ಅವರ ಕಿವಿಗೆ ನೇರವಾಗಿ ಹೋಗುವುದಿಲ್ಲ.

## ಹಂತ 1: ನಿಮ್ಮ ನಿಷ್ಠೆ ಯಾರಿಗೆಂದು ಕೆಲಸ ಒಪ್ಪುವ ಮೊದಲೇ ತೀರ್ಮಾನಿಸಿ

ಹಣ ಯಾರು ಕೊಡುತ್ತಾರೆ ಎಂಬಲ್ಲಿಂದ ಶುರು ಮಾಡಿ. ಆಸ್ಪತ್ರೆ ಸಂಬಳ ಕೊಡುತ್ತಿದ್ದರೆ ಎಳೆತ ಆಸ್ಪತ್ರೆಯ ಕಡೆಗೆ. ಮನೆಯವರು ಶುಲ್ಕ ಕೊಟ್ಟಿದ್ದರೆ ಅವರ ಇಷ್ಟವನ್ನು ತಾಯಿಯ ಇಷ್ಟ ಎಂದುಕೊಳ್ಳುವ ಅಪಾಯ. ಸಂಸ್ಥೆಯೊಂದರ ಮೂಲಕ ಸ್ವಯಂಸೇವಕರಾಗಿ ಹೋದರೆ, ಆಸ್ಪತ್ರೆಯ ಜೊತೆ ಸಂಸ್ಥೆಯ ಸಂಬಂಧ ಕೆಡಬಾರದೆಂಬ ಅಳುಕು. ಯಾವುದೂ ಕೆಟ್ಟದ್ದಲ್ಲ. ಆದರೆ ಎಳೆತ ಎಲ್ಲಿದೆಯೆಂದು ತಿಳಿಯದೆ ಒಳಗೆ ಹೋದವರು ಗೊತ್ತಿಲ್ಲದೆಯೇ ಆ ಕಡೆಗೆ ಜಾರುತ್ತಾರೆ.

ಆಸ್ಪತ್ರೆಯೇ ನೇಮಿಸಿಕೊಳ್ಳುವುದಾದರೆ ಸಹಿ ಹಾಕುವ ಮೊದಲು ಇಷ್ಟನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ತಾಯಿಗೆ ಪ್ರಶ್ನೆ ಕೇಳಲು ನಾನು ನೆನಪಿಸಬಹುದೇ? ಆಕೆ ಚಿಕಿತ್ಸೆಯೊಂದನ್ನು ಬೇಡ ಎಂದಾಗ ನನ್ನಿಂದ ನಿಮ್ಮ ನಿರೀಕ್ಷೆ ಏನು? ನನಗೆ ಆತಂಕವಾದರೆ ಯಾರಿಗೆ ಹೇಳಬೇಕು? ಹೇಳಿದ್ದಕ್ಕೆ ನನ್ನ ಮೇಲೆ ಕ್ರಮ ಆಗುತ್ತದೆಯೇ? ಆಕೆ ನನ್ನ ಬಳಿ ಗುಟ್ಟಾಗಿ ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಬರೆಯಲೇಬೇಕೆ? "ಅದೆಲ್ಲ ಆಮೇಲೆ ನೋಡೋಣ" ಎಂಬ ಉತ್ತರ ಬಂದರೆ ಅದೇ ಮೊದಲ ಎಚ್ಚರಿಕೆ.

ನೀವು ಯಾರ ಸಿಬ್ಬಂದಿ, ಯಾವುದನ್ನು ಗುಟ್ಟಾಗಿಡಬಲ್ಲಿರಿ, ಯಾವುದನ್ನು ಆಗುವುದಿಲ್ಲ ಎಂಬುದು ತಾಯಿಗೂ ಮೊದಲ ಭೇಟಿಯಲ್ಲೇ ಗೊತ್ತಾಗಬೇಕು. ಇಂಥ ಡಾಕ್ಟರ ಬಳಿಗೇ ಹೋಗಿ ಎಂದು ಕಳುಹಿಸಿ ಕಮಿಷನ್ ಪಡೆಯುವವರು ಈ ಮಾರ್ಗದರ್ಶಿಯ ಉಳಿದ ಭಾಗ ಓದಿಯೂ ಪ್ರಯೋಜನವಿಲ್ಲ. ಮೊದಲು ಅದನ್ನು ನಿಲ್ಲಿಸಿ.

ಇನ್ನೊಂದು ಎಳೆತ ನಮ್ಮೊಳಗೇ ಇದೆ. ಔಷಧವಿಲ್ಲದ ಸಹಜ ಹೆರಿಗೆಯೇ ಒಳ್ಳೆಯದೆಂಬ ನಂಬಿಕೆಯಿಂದಲೇ ನಮ್ಮಲ್ಲಿ ಅನೇಕರು ಈ ಕೆಲಸಕ್ಕೆ ಬಂದಿದ್ದೇವೆ. ಆಕೆ ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಮದ್ದು) ಕೇಳಿದಾಗ ನಿಮ್ಮ ಮುಖ ಸಪ್ಪಗಾದರೆ, ಆ ಕ್ಷಣ ನಿಮ್ಮ ನಿಷ್ಠೆ ಆಕೆಗಿಲ್ಲ, ನಿಮ್ಮ ನಂಬಿಕೆಗಿದೆ. ಆಸ್ಪತ್ರೆಯ ಒತ್ತಡಕ್ಕಿಂತ ಇದನ್ನು ಗುರುತಿಸುವುದು ಕಷ್ಟ ಎನ್ನುವುದು ನನ್ನ ಅನುಭವ.

## ಹಂತ 2: ಕೆಲಸದ ಎಲ್ಲೆ ಗೆರೆ ಎಳೆದಂತೆ ಸ್ಪಷ್ಟವಿರಲಿ

ಡೌಲಾ ಒಳಪರೀಕ್ಷೆ ಮಾಡುವುದಿಲ್ಲ, ಬಿಪಿ ನೋಡುವುದಿಲ್ಲ, ಮಗುವಿನ ಎದೆಬಡಿತ ಕೇಳುವುದಿಲ್ಲ, ಮಾತ್ರೆ ಕೊಡುವುದಿಲ್ಲ. ಮಾನಿಟರ್ ಪರದೆ ನೋಡಿ ಅರ್ಥ ಹೇಳುವುದಿಲ್ಲ. ಮೊದಲು ನರ್ಸ್ ಆಗಿದ್ದವರು ಎಡವುವುದು ಇಲ್ಲೇ: ಗೊತ್ತಿರುವುದನ್ನು ಹೇಳದಿರಲು ಮನಸ್ಸು ಒಪ್ಪುವುದಿಲ್ಲ. ಆದರೆ ಒಮ್ಮೆ "ಪರವಾಗಿಲ್ಲ, ಬಡಿತ ಚೆನ್ನಾಗಿದೆ" ಎಂದಿರೋ, ಮುಂದಿನ ಸಲ ಏನಾದರೂ ಆದಾಗ ತಾಯಿ ನರ್ಸನ್ನು ಕರೆಯದೆ ನಿಮ್ಮ ಮುಖ ನೋಡುತ್ತಾಳೆ.

ಸಮ್ಮತಿ ಪತ್ರಕ್ಕೆ ಸಾಕ್ಷಿಯಾಗಿ ಸಹಿ ಹಾಕಬೇಡಿ. ಡಾಕ್ಟರ ಭಾಷೆ ತಾಯಿಗೆ ಬರದಿದ್ದರೆ, ಸಮ್ಮತಿ ಕೇಳುವ ಹೊತ್ತಿನಲ್ಲಿ ನೀವೇ ಅನುವಾದಕ್ಕೆ ನಿಲ್ಲಬೇಡಿ. ಆಸ್ಪತ್ರೆಯ ದುಭಾಷಿಯನ್ನು ಕೇಳಿ. ಅನುವಾದ ಮಾಡುವಾಗ ಒಂದು ಪದ ಆಚೀಚೆಯಾದರೂ ನಿರ್ಧಾರ ನಿಮ್ಮದಾಗಿಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ಎಲ್ಲೆ: ಆಕೆಯ ಬದಲಿಗೆ ನೀವು ಮಾತಾಡುವುದಿಲ್ಲ, ಆಕೆಯ ಬದಲಿಗೆ ನಿರ್ಧರಿಸುವುದಿಲ್ಲ. 1992ರಲ್ಲಿ ಶುರುವಾದ, ಡೌಲಾಗಳಿಗೆ ತರಬೇತಿ ಕೊಡುವ ಡೋನಾ ಇಂಟರ್‌ನ್ಯಾಷನಲ್ ಸಂಸ್ಥೆಯ ನೀತಿಯೂ ಇದನ್ನೇ ಹೇಳುತ್ತದೆ. ನೀವು ಯಾವ ಸಂಸ್ಥೆಯಲ್ಲಿ ತರಬೇತಿ ಪಡೆದಿದ್ದರೂ ಅದರ ನೀತಿಯ ಪ್ರತಿಯೊಂದನ್ನು ತಾಯಿಗೂ ಕೊಡಿ, ಕೇಳಿದರೆ ಆಸ್ಪತ್ರೆಗೂ ಕೊಡಿ.

## ಹಂತ 3: ತಾಯಿಯ ಮನಸ್ಸನ್ನು ಮೊದಲೇ ತಿಳಿದುಕೊಳ್ಳಿ

ಹೆರಿಗೆಗೆ ಕೆಲವು ವಾರ ಮೊದಲು, ಆಕೆಯೊಬ್ಬಳೇ ಇರುವಾಗ ಒಮ್ಮೆಯಾದರೂ ಕೂತು ಮಾತಾಡಿ. ಮನೆಯವರ ಮುಂದೆ ಹೇಳುವುದೇ ಬೇರೆ, ಒಬ್ಬಳೇ ಇದ್ದಾಗ ಹೇಳುವುದೇ ಬೇರೆ.

ಆಸೆಗಳನ್ನು ಮೂರು ಗುಂಪು ಮಾಡಿಸಿ: ಇದು ಬೇಕೇ ಬೇಕು, ಸಿಕ್ಕರೆ ಒಳ್ಳೆಯದು, ಹೇಗಾದರೂ ಸರಿ. ಇಪ್ಪತ್ತು ಅಂಶಗಳ ಪಟ್ಟಿ ತಂದರೆ ಡ್ಯೂಟಿಯಲ್ಲಿರುವ ಯಾರಿಗೂ ಓದಲು ಪುರುಸೊತ್ತಿರುವುದಿಲ್ಲ. ಬೇಕೇ ಬೇಕು ಎನ್ನುವುದು ಮೂರು ನಾಲ್ಕಕ್ಕೆ ನಿಂತರೆ ಅವು ಉಳಿಯುತ್ತವೆ.

ಯಾವುದು ಈಗಾಗಲೇ ಒಪ್ಪಿತ ಆರೈಕೆ, ಯಾವುದನ್ನು ಬೇರೆಯಾಗಿ ಕೇಳಬೇಕು ಎಂದು ತಿಳಿದಿದ್ದರೆ ಪಟ್ಟಿ ಇನ್ನೂ ಚಿಕ್ಕದಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಹೆರಿಗೆ ಆರೈಕೆಯ ಶಿಫಾರಸುಗಳನ್ನು ನೀವು ಓದಿರಲೇಬೇಕು. ತಾಯಿ ಆರಿಸಿಕೊಂಡ ಸಂಗಾತಿ ಹೆರಿಗೆಯ ಉದ್ದಕ್ಕೂ ಜೊತೆಗಿರಬೇಕು, ಅಪಾಯ ಕಡಿಮೆ ಇರುವವರು ಓಡಾಡಲು, ತಿನ್ನಲು, ಕುಡಿಯಲು ಬಿಡಬೇಕು, ಯೋನಿದ್ವಾರವನ್ನು ರೂಢಿಯಾಗಿ ಎಲ್ಲರಿಗೂ ಕತ್ತರಿಸಬಾರದು, ಹೊಟ್ಟೆಯ ಮೇಲೆ ಒತ್ತಿ ಮಗುವನ್ನು ತಳ್ಳಬಾರದು, ಹೊಕ್ಕುಳಬಳ್ಳಿಯನ್ನು 1 ನಿಮಿಷಕ್ಕೂ ಮೊದಲು ಬಿಗಿಯಬಾರದು ಎಂಬುದೆಲ್ಲ ಅದರಲ್ಲಿದೆ. ಗರ್ಭಕಂಠ 5 ಸೆಂ.ಮೀ. ತೆರೆದ ಮೇಲೆಯೇ ಹೆರಿಗೆಯ ಸಕ್ರಿಯ ಘಟ್ಟ ಎನ್ನುವುದನ್ನೂ ಅದು ಹೇಳುತ್ತದೆ. "ಗಂಟೆಗೆ 1 ಸೆಂ.ಮೀ. ಆಗಲೇಬೇಕು" ಎಂಬ ಹಳೆಯ ಅಳತೆ ಎಲ್ಲರಿಗೂ ಹೊಂದುವುದಿಲ್ಲ ಎಂಬುದೂ ಅಲ್ಲಿದೆ. ಇದನ್ನೆಲ್ಲ ಓದುವುದು ಡಾಕ್ಟರ ಎದುರು ಒಪ್ಪಿಸಲು ಅಲ್ಲ. ಆಕೆ ಏನು ಕೇಳಬಹುದು ಎಂದು ಆಕೆಗೆ ಈಗಲೇ, ನೋವಿಲ್ಲದ ಹೊತ್ತಿನಲ್ಲಿ ತಿಳಿಯಲೆಂದು.

ನಂತರ ಬಾಯಿಬಿಟ್ಟು ಅಭ್ಯಾಸ ಮಾಡಿಸಿ. "ಸ್ವಲ್ಪ ಸಮಯ ಕೊಡಿ", "ಇನ್ನೊಮ್ಮೆ ಹೇಳಿ", "ಈಗ ಬೇಡ, ನಿಲ್ಲಿಸಿ" ಎಂಬ ಮೂರು ವಾಕ್ಯಗಳನ್ನು ಗಟ್ಟಿಯಾಗಿ ಹೇಳಿಸಿ. ಮನಸ್ಸಿನಲ್ಲಿ ಹೇಳಿಕೊಂಡದ್ದು ನೋವಿನ ಮಧ್ಯೆ ನಾಲಿಗೆಗೆ ಬರುವುದಿಲ್ಲ.

ಇನ್ನು ಮೂರು ವಿಷಯ ಬರೆದುಕೊಳ್ಳಿ. ಆಕೆಗೆ ಪ್ರಜ್ಞೆ ಇಲ್ಲದಿದ್ದರೆ ನಿರ್ಧರಿಸುವವರು ಯಾರು? ನಿಮಗೆ ಹೇಳಿದ ಯಾವ ವಿಷಯವನ್ನು ನರ್ಸಿಗೆ ತಿಳಿಸಬಹುದು? ನೋವು ತಡೆಯಲಾರದೆ ಎಪಿಡ್ಯೂರಲ್ ಕೇಳಿದರೆ, ಅದು ಬರೀ ನರಳಾಟವೋ ನಿಜವಾದ ತೀರ್ಮಾನವೋ ಎಂದು ತಿಳಿಯಲು ಯಾವ ಗುರುತಿನ ಮಾತು? ಕೊನೆಯದನ್ನು ಬರೆದುಕೊಳ್ಳದೆ ಹೋದರೆ, ಆಕೆ ಕೇಳುತ್ತಿರುವಾಗ ನೀವು ಹಳೆಯ ಕಾಗದ ತೋರಿಸುತ್ತಾ ನಿಲ್ಲುವ ಪರಿಸ್ಥಿತಿ ಬರುತ್ತದೆ. ಕಾಗದಕ್ಕೂ ಆಕೆಯ ಈಗಿನ ಮಾತಿಗೂ ವ್ಯತ್ಯಾಸ ಬಂದರೆ ಈಗಿನ ಮಾತೇ ನಿಲ್ಲಬೇಕು.

ಹಿಂದೆ ಯಾರಿಂದಲಾದರೂ ದೌರ್ಜನ್ಯಕ್ಕೆ ಒಳಗಾದವರಿಗೆ ಹೇಳದೆ ಕೇಳದೆ ಮಾಡುವ ಒಳಪರೀಕ್ಷೆ ದೊಡ್ಡ ಆಘಾತ. ಕಾರಣವನ್ನು ಕೆದಕಬೇಡಿ. "ಮುಟ್ಟುವ ಮೊದಲು ಪ್ರತಿ ಸಲ ಕೇಳಿ" ಎಂಬ ಒಂದು ಸಾಲನ್ನು ಆಶಯ ಪತ್ರದ ತುದಿಯಲ್ಲಿ ಬರೆಸಿದರೆ ಸಾಕು.

## ಹಂತ 4: ವಾರ್ಡಿಗೆ ಕಾಲಿಟ್ಟ ಮೊದಲ ಹತ್ತು ನಿಮಿಷ

ಹೆಸರು ಹೇಳಿ, ಕೆಲಸ ಹೇಳಿ, ಎಲ್ಲೆಯನ್ನೂ ನೀವೇ ಹೇಳಿ: "ಸಿಸ್ಟರ್, ನಾನು ಇವರ ಡೌಲಾ. ಚಿಕಿತ್ಸೆಯ ವಿಷಯಕ್ಕೆ ನಾನು ಬರುವುದಿಲ್ಲ. ಜೊತೆಗಿದ್ದು ಬೆನ್ನು ಒತ್ತುತ್ತೇನೆ, ಓಡಾಡಿಸುತ್ತೇನೆ. ನಿಮಗೆ ಅಡ್ಡವಾದರೆ ಹೇಳಿ, ಸರಿಯುತ್ತೇನೆ." ಮನೆಯವರಂತೆ ನಟಿಸಿ ಒಳಗೆ ಹೋಗಬೇಡಿ. ಗೊತ್ತಾದ ದಿನ ನಿಮ್ಮೊಬ್ಬರಿಗಲ್ಲ, ನಿಮ್ಮ ನಂತರ ಬರುವ ಎಲ್ಲ ಡೌಲಾಗಳಿಗೂ ಬಾಗಿಲು ಮುಚ್ಚುತ್ತದೆ.

ಬಾಗಿಲಲ್ಲೇ ತಡೆದರೆ ವಾದ ಬೇಡ. ತಾಯಿಯೇ "ಇವರು ನನ್ನ ಸಂಗಾತಿ" ಎನ್ನಲಿ, ನೀವು ಆಸ್ಪತ್ರೆಯ ನಿಯಮದ ಪ್ರತಿ ತೋರಿಸಿ, ವಾರ್ಡಿನ ಹಿರಿಯ ನರ್ಸನ್ನು ಕಾಣಬೇಕೆಂದು ಕೇಳಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಹೆರಿಗೆ ದಾಖಲೆಯ ನಮೂನೆಯಲ್ಲಿ ಸಂಗಾತಿ ಇದ್ದಾರೆಯೇ ಎಂದು ಗುರುತು ಹಾಕಲು ಜಾಗವೇ ಇದೆ. ಅದನ್ನು ಬಳಸುವ ವಾರ್ಡ್ ಆದರೆ ಮಾತು ಬೇಗ ಮುಗಿಯುತ್ತದೆ.

ಆಶಯ ಪತ್ರವನ್ನು ಆಗಲೇ ಕೊಡಿಸಿ, ತಾಯಿಯ ಕೈಯಿಂದ. ಡ್ಯೂಟಿ ಬದಲಾದಾಗ ಇದನ್ನೆಲ್ಲ ಮತ್ತೆ ಮಾಡಬೇಕು. ಹಿಂದಿನ ನರ್ಸ್ ಒಪ್ಪಿಕೊಂಡಿದ್ದು ಮುಂದಿನವರಿಗೆ ಗೊತ್ತಿದೆ ಎಂದುಕೊಳ್ಳುವುದರಿಂದಲೇ ಅರ್ಧ ಜಗಳಗಳು ಹುಟ್ಟುವುದು.

## ಹಂತ 5: ನಿರ್ಧಾರದ ಕ್ಷಣ

ಇಡೀ ಕೆಲಸದ ತಿರುಳು ಇದು. ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ.

ಡಾಕ್ಟರ್ ಪರೀಕ್ಷೆ ಮುಗಿಸಿ, ಕೈಗವಸು ಕಳಚುತ್ತಾ, "ಮುಂದುವರಿದಿಲ್ಲ ಸಿಸ್ಟರ್, ಡ್ರಿಪ್ ಶುರು ಮಾಡಿ" ಎನ್ನುತ್ತಾರೆ. ನರ್ಸ್ ಬಾಟಲಿ ತರಲು ಹೊರಡುತ್ತಾರೆ. ತಾಯಿ ಕಣ್ಣು ಮುಚ್ಚಿ ನೋವು ಇಳಿಯಲೆಂದು ಕಾಯುತ್ತಿದ್ದಾಳೆ, ಮಾತು ಕಿವಿಗೆ ಬಿದ್ದಿಲ್ಲ.

ಈಗ ಡಾಕ್ಟರ ಕಡೆ ತಿರುಗಿದರೆ ಅದು ನಿಮ್ಮಿಬ್ಬರ ಜಗಳವಾಗುತ್ತದೆ. ತಾಯಿಯ ಕಡೆ ತಿರುಗಿ. ಡಾಕ್ಟರಿಗೂ ಕೇಳುವಷ್ಟು ದನಿಯಲ್ಲಿ, ಪಿಸುಗುಡದೆ ಹೇಳಿ: "ನೋವು ಹೆಚ್ಚಿಸಲು ಡ್ರಿಪ್ ಹಾಕೋಣ ಅಂತಿದ್ದಾರೆ. ನಿಮಗೇನಾದರೂ ಕೇಳಬೇಕಾ?" ನಂತರ ಬಾಯಿ ಮುಚ್ಚಿ. ಉತ್ತರ ಬರಲು ಒಂದು ನೋವು ಬಂದು ಹೋಗುವಷ್ಟು ಹೊತ್ತಾಗಬಹುದು. ಆ ಮೌನವನ್ನು ತುಂಬಿಸಬೇಡಿ, ಬೇರೆಯವರು ತುಂಬಿಸಲು ಹೊರಟರೆ "ಒಂದು ನಿಮಿಷ ಡಾಕ್ಟರ್, ಈ ನೋವು ಇಳಿಯಲಿ" ಎನ್ನಿ.

ಆಕೆಗೆ ಪ್ರಶ್ನೆ ಹೊಳೆಯದಿದ್ದರೆ ಮೊದಲೇ ಕಲಿಸಿರಬೇಕಾದ ಐದು ಪ್ರಶ್ನೆಗಳನ್ನು ನೆನಪಿಸಿ. ಇದರಿಂದ ಏನು ಲಾಭ, ಏನು ಅಪಾಯ, ಬೇರೆ ದಾರಿ ಏನಿದೆ, ನನ್ನ ಮನಸ್ಸು ಏನನ್ನುತ್ತದೆ, ಸ್ವಲ್ಪ ಕಾದರೆ ಏನಾಗುತ್ತದೆ. ತರಬೇತಿಗಳಲ್ಲಿ 'ಬ್ರೇನ್' (ಈ ಐದರ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳಿಂದಾದ ಹೆಸರು) ಎಂದು ಕಲಿಸುವುದು ಇದನ್ನೇ. ಐದನ್ನೂ ಕೇಳುವ ಅಗತ್ಯ ಬಹಳ ಸಲ ಇರುವುದಿಲ್ಲ. "ಕಾದರೆ ಏನಾಗುತ್ತೆ?" ಎಂಬ ಒಂದೇ ಪ್ರಶ್ನೆ ಡಾಕ್ಟರ ಮನಸ್ಸಿನಲ್ಲಿರುವುದನ್ನು ಹೊರಗೆ ತರುತ್ತದೆ. ಒಂದೋ "ಇನ್ನೊಂದು ಗಂಟೆ ನೋಡಬಹುದು" ಎನ್ನುತ್ತಾರೆ, ಇಲ್ಲವೇ ಕಾಯಬಾರದ ಕಾರಣವನ್ನು ಬಿಡಿಸಿ ಹೇಳುತ್ತಾರೆ. ಎರಡೂ ಆಕೆಗೆ ಬೇಕಾದ ಮಾಹಿತಿಯೇ.

ನಂತರ ಸಮಯ ಕೇಳಿಸಿ. "ಐದು ನಿಮಿಷ ನಾವಿಬ್ಬರೇ ಯೋಚನೆ ಮಾಡ್ತೀವಿ" ಎಂದು ಆಕೆಯೋ ಗಂಡನೋ ಹೇಳಲಿ. ಆ ಐದು ನಿಮಿಷ ನೀವೂ ಹೊರಗೆ ಬನ್ನಿ. ಹೊಸಬರು ಇದನ್ನು ಮಾಡುವುದೇ ಇಲ್ಲ, ಆದರೆ ನಿಮ್ಮ ಪ್ರಭಾವವೂ ಒಂದು ಒತ್ತಡವೇ.

ಉತ್ತರ ಬಂದ ಮೇಲೆ ಆಕೆಯ ಮಾತನ್ನೇ, ಆಕೆಯ ಪದಗಳಲ್ಲೇ ಹಿಡಿದುಕೊಳ್ಳಿ. ಆಕೆ "ಓಡಾಡಿ ನೋಡ್ತೀನಿ, ಆಮೇಲೆ ಹಾಕಿ" ಎಂದಳು, ಆದರೆ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ ಎಂದಾದರೆ: "ಡಾಕ್ಟರ್, ಅವರೇನೋ ಹೇಳಿದರು. ಇನ್ನೊಮ್ಮೆ ಹೇಳಿ ಅಮ್ಮಾ." ಅಲ್ಲಿಗೆ ನಿಮ್ಮ ಪಾತ್ರ ಮುಗಿಯಿತು. "ಹಾಕಿ" ಎಂದರೆ ಅದಕ್ಕೂ ಅಷ್ಟೇ ಬೆಂಬಲ ಕೊಡಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು. "ನಮಗೆ ಡ್ರಿಪ್ ಬೇಡ" ಎಂದು 'ನಾವು' ಸೇರಿಸಿ ಮಾತಾಡುವುದು. ಡಾಕ್ಟರ್ ಹೊರಗೆ ಹೋದ ಕೂಡಲೇ "ಅವರಿಗೆ ಮನೆಗೆ ಹೋಗುವ ಅವಸರ" ಎನ್ನುವುದು. ಅದು ನಿಜವೇ ಆಗಿದ್ದರೂ, ತನ್ನನ್ನು ನೋಡಿಕೊಳ್ಳುವವರ ಮೇಲಿನ ನಂಬಿಕೆ ಕಳೆದುಕೊಂಡ ತಾಯಿಗೆ ಭಯ ಹೆಚ್ಚುತ್ತದೆಯೇ ಹೊರತು ಶಕ್ತಿ ಬರುವುದಿಲ್ಲ. ಮಂಚದ ಪಕ್ಕದಲ್ಲಿ ಅಧ್ಯಯನಗಳ ಅಂಕಿ ಹೇಳುವುದು. ಹುಬ್ಬು ಗಂಟಿಕ್ಕಿ, ತಲೆ ಆಡಿಸಿ, ಮಾತಾಡದೆಯೇ ಉತ್ತರ ಸೂಚಿಸುವುದು.

## ಹಂತ 6: ತುರ್ತು ಬಂದಾಗ ಜಾಗ ಬಿಡಿ, ಆಕೆಯನ್ನು ಬಿಡಬೇಡಿ

ಮಗುವಿಗಿಂತ ಮೊದಲು ಹೊಕ್ಕುಳಬಳ್ಳಿ ಹೊರಬಂದರೆ, ತಲೆ ಬಂದು ಭುಜ ಸಿಕ್ಕಿಕೊಂಡರೆ, ರಕ್ತ ಸುರಿಯತೊಡಗಿದರೆ, ಫಿಟ್ಸ್ ಬಂದರೆ, ಮಗುವಿನ ಎದೆಬಡಿತ ಕುಸಿದು ಮತ್ತೆ ಏಳದಿದ್ದರೆ ಪ್ರಶ್ನೋತ್ತರಕ್ಕೆ ಹೊತ್ತಿಲ್ಲ. ತುರ್ತೋ ಅಲ್ಲವೋ ಎಂಬ ಗೊಂದಲವಿದ್ದರೆ ಒಂದೇ ಮಾತು: "ಡಾಕ್ಟರ್, ಮಾತಾಡಲು ಸಮಯ ಇದೆಯಾ?" ಇಲ್ಲ ಎಂದರೆ ಮುಗಿಯಿತು.

ತಲೆಯ ಕಡೆ ಸರಿದು ನಿಲ್ಲಿ. ಕಾಲ ಕಡೆಯೂ ಪಕ್ಕದ ಜಾಗವೂ ಸಿಬ್ಬಂದಿಗೆ ಬೇಕು. ಆಕೆಯ ಮುಖದ ಹತ್ತಿರ ಬಾಗಿ, ಸಿಬ್ಬಂದಿ ಜೋರಾಗಿ ಹೇಳುತ್ತಿರುವುದನ್ನಷ್ಟೇ ಸರಳ ಮಾತಿನಲ್ಲಿ ದಾಟಿಸಿ: "ಕಾಲು ಮಡಚಲು ಹೇಳ್ತಿದ್ದಾರೆ. ಸಿಸ್ಟರ್ ನಿಮ್ಮ ಎಡಗಡೆ ಇದ್ದಾರೆ. ನಾನು ಇಲ್ಲೇ ಇದ್ದೀನಿ." ಎಲ್ಲ ಸರಿಹೋಗುತ್ತದೆ ಎಂಬ ಭರವಸೆ ಕೊಡಬೇಡಿ. ಅದು ನಿಮ್ಮ ಕೈಯಲ್ಲಿಲ್ಲ. ಆಪರೇಷನ್ ಥಿಯೇಟರಿಗೆ ನಿಮ್ಮನ್ನು ಬಿಡದಿದ್ದರೆ ಹೊರಗಿರುವ ಮನೆಯವರ ಬಳಿ ಹೋಗಿ ಕೂರಿ.

## ಹಂತ 7: ಕಣ್ಣೆದುರು ತಪ್ಪು ನಡೆದಾಗ

ಇದರಲ್ಲಿ ಎರಡು ಬಗೆ. ಒಂದನ್ನೊಂದು ಬೆರೆಸಬೇಡಿ.

ಅಪಾಯದ ಲಕ್ಷಣ ಯಾರ ಗಮನಕ್ಕೂ ಬಾರದಿದ್ದಾಗ. ಹೆರಿಗೆಯ ನಂತರ ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಉಸಿರಾಟಕ್ಕೆ ಕಷ್ಟ, ಎದೆನೋವು, ಒಂದೇ ಕಾಲಿನ ಮೀನಖಂಡದಲ್ಲಿ ನೋವು ಮತ್ತು ಊತ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಬದುಕು ಬೇಡ ಎಂಬ ಮಾತು. ಇವುಗಳಲ್ಲಿ ಯಾವುದನ್ನು ಕಂಡರೂ ಕಾಯಬೇಡಿ. ಕಂಡದ್ದನ್ನು ಹೇಳಿ, ರೋಗದ ಹೆಸರು ಹೇಳಬೇಡಿ. "ಬಿಪಿ ಏರಿದೆ ಅನ್ನಿಸುತ್ತೆ" ಎಂದರೆ ನಿಮ್ಮ ಅರ್ಹತೆಯ ಚರ್ಚೆ ಶುರುವಾಗುತ್ತದೆ. "ಸಿಸ್ಟರ್, ಅರ್ಧ ಗಂಟೆಯಿಂದ ತಲೆ ಸಿಡೀತಿದೆ, ಕಣ್ಣು ಮಂಜಾಗಿದೆ ಅಂತಿದ್ದಾರೆ. ಈಗಲೇ ಬಂದು ನೋಡಿ" ಎಂದರೆ ಅದಕ್ಕೆ ಎದುರು ಮಾತಿಲ್ಲ.

ಬರದಿದ್ದರೆ ಮಾತಿನ ಬಿಗಿ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ: "ನನಗೆ ಆತಂಕವಾಗ್ತಿದೆ." "ಹೀಗೇ ಬಿಡುವುದು ನನಗೆ ಸರಿ ಕಾಣ್ತಿಲ್ಲ." "ಇದು ಇವರ ಸುರಕ್ಷತೆಯ ವಿಷಯ." ಆಸ್ಪತ್ರೆ ಸಿಬ್ಬಂದಿಗೇ ಕಲಿಸುವ ಕ್ರಮ ಇದು, ಆದ್ದರಿಂದ ಮೂರನೆಯ ವಾಕ್ಯದ ತೂಕ ಅವರಿಗೆ ಗೊತ್ತಿರುತ್ತದೆ. ಆಗಲೂ ಯಾರೂ ಬರದಿದ್ದರೆ ಹಿರಿಯ ನರ್ಸ್, ಅವರ ನಂತರ ಡ್ಯೂಟಿ ಡಾಕ್ಟರ್, ಅವರ ನಂತರ ಮೇಲ್ವಿಚಾರಕರು. ಇಲ್ಲಿ ಸಂಕೋಚಪಟ್ಟು ಕೂರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಸಂಬಂಧ ಕೆಟ್ಟರೆ ಕೆಡಲಿ.

ಒಪ್ಪಿಗೆಯಿಲ್ಲದೆ ಮುಟ್ಟಿದಾಗ, ಬೈದಾಗ, ಹೊಡೆದಾಗ. ಒಳಪರೀಕ್ಷೆಯ ನಡುವೆ ಆಕೆ "ನಿಲ್ಲಿಸಿ" ಎಂದರೂ ಕೈ ನಿಲ್ಲದಿದ್ದರೆ, ನಡೆಯುತ್ತಿರುವುದನ್ನು ಗಟ್ಟಿಯಾಗಿ ಹೇಳಿ: "ಡಾಕ್ಟರ್, ಅವರು ನಿಲ್ಲಿಸಿ ಅಂತಿದ್ದಾರೆ." ದೂರುವ ದನಿ ಬೇಡ. ಅದೇ ವಾಕ್ಯವನ್ನು ಅದೇ ದನಿಯಲ್ಲಿ ಮತ್ತೆ ಹೇಳಿ. ಯೋನಿದ್ವಾರ ಕತ್ತರಿಸಲು ಡಾಕ್ಟರ್ ಕತ್ತರಿ ಕೈಗೆತ್ತಿಕೊಂಡದ್ದು ತಾಯಿಗೆ ಕಾಣುವುದಿಲ್ಲ, ನಿಮಗೆ ಕಾಣುತ್ತದೆ. "ಡಾಕ್ಟರ್ ಕತ್ತರಿ ತಗೊಂಡಿದ್ದಾರೆ, ಕೇಳಬೇಕಿದ್ದರೆ ಈಗ ಕೇಳಿ" ಎಂದು ಆಕೆಗೆ ತಿಳಿಸಿ. ಸಿಬ್ಬಂದಿಯ ಕೈ ಹಿಡಿಯಬೇಡಿ, ಮಂಚಕ್ಕೆ ಅಡ್ಡ ನಿಲ್ಲಬೇಡಿ. ನಿಮ್ಮನ್ನು ಹೊರಗೆ ಹಾಕಿದರೆ ಆಕೆಗೆ ಉಳಿಯುವುದು ಬರೀ ಗೋಡೆ.

ಆಸ್ಪತ್ರೆಯಲ್ಲಿ ಹೆರಿಗೆಯ ವೇಳೆ ನಡೆಯುವ ಅವಮಾನ, ಹಿಂಸೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2014ರ ಹೇಳಿಕೆಯಲ್ಲಿ ಹಕ್ಕುಗಳ ಉಲ್ಲಂಘನೆ ಎಂದೇ ಗುರುತಿಸಿದೆ. "ಇಲ್ಲಿ ಎಲ್ಲರಿಗೂ ಹೀಗೇ" ಎಂಬ ಮಾತನ್ನು ನೀವು ಒಪ್ಪಿಕೊಳ್ಳಬೇಕಿಲ್ಲ.

## ನೀವೇ ಜಾರುತ್ತಿದ್ದೀರಿ ಎಂಬುದರ ಸೂಚನೆಗಳು

ನರ್ಸುಗಳು ನಿಮ್ಮನ್ನು ಮೆಚ್ಚುವುದಕ್ಕೆ ಕಾರಣ "ನಿಮ್ಮ ಪೇಷಂಟ್ ಗಲಾಟೆ ಮಾಡಲ್ಲ" ಎಂಬುದಾದರೆ ಎಚ್ಚರ. ಆಕೆಯ ಪ್ರಶ್ನೆಗೆ ಡಾಕ್ಟರಿಗಿಂತ ಮೊದಲು ನೀವೇ ಸಮಾಧಾನ ಹೇಳುತ್ತಿದ್ದರೂ ಎಚ್ಚರ. ಸಿಸೇರಿಯನ್ ಆದಾಗ ನಿಮಗೆ ಸೋತಂತೆ ಅನ್ನಿಸಿದರೆ, ಹೆರಿಗೆಯ ಕಥೆಯನ್ನು ಇನ್ನೊಬ್ಬರಿಗೆ ಹೇಳುವಾಗ "ನಾನು ತಡೆದೆ", "ನಾನು ಬಿಡಲಿಲ್ಲ" ಎಂದು ಬಾಯಿಗೆ ಬಂದರೆ, ಇನ್ನೊಂದು ದಿಕ್ಕಿಗೆ ಜಾರಿದ್ದೀರಿ. ಇವುಗಳಲ್ಲಿ ಒಂದು ಕಂಡರೂ ಮುಂದಿನ ಹೆರಿಗೆಗೆ ಮೊದಲು ಅನುಭವಿ ಸಹೋದ್ಯೋಗಿಯೊಬ್ಬರ ಜೊತೆ ಕೂತು ಮಾತಾಡಿ.

## ಹಂತ 8: ಹೆರಿಗೆಯ ನಂತರದ ದಾಖಲೆ, ಮಾತು, ದೂರು

ಆಸ್ಪತ್ರೆಯಿಂದ ಹೊರಟ ದಿನವೇ ಟಿಪ್ಪಣಿ ಪೂರ್ತಿ ಮಾಡಿ. ಗಂಟೆ, ಯಾರು ಏನೆಂದರು, ತಾಯಿ ಏನೆಂದಳು ಇಷ್ಟೇ. "ಒರಟಾಗಿ ನಡೆದುಕೊಂಡರು" ಎಂದು ಬರೆಯಬೇಡಿ, ನಡೆದದ್ದನ್ನು ಬರೆಯಿರಿ: "ಮೂರು ಸಲ ಬೇಡ ಎಂದಳು, ಪರೀಕ್ಷೆ ಮುಂದುವರಿಯಿತು."

ಕೆಲವು ದಿನ ಬಿಟ್ಟು ಬಾಣಂತಿಯನ್ನು ಕಾಣುವಾಗ ಮೊದಲು ಆಕೆಯ ಕಥೆ ಕೇಳಿ. ನಿಮಗೆ ಘೋರ ಎನ್ನಿಸಿದ್ದು ಆಕೆಗೆ ದೊಡ್ಡದಾಗಿ ಕಂಡಿರದೆ ಇರಬಹುದು. ನಿಮಗೆ ಮಾಮೂಲು ಅನ್ನಿಸಿದ್ದು ಆಕೆಯ ನಿದ್ದೆ ಕೆಡಿಸುತ್ತಿರಬಹುದು. ನಿಮ್ಮ ಸಿಟ್ಟನ್ನು ಆಕೆಯ ನೆನಪಿನ ಮೇಲೆ ಸುರಿಯಬೇಡಿ. ಆಕೆ ಕೇಳಿದರೆ ಮಾತ್ರ ಟಿಪ್ಪಣಿ ಓದಿ ಹೇಳಿ.

ದೂರು ಕೊಡುವುದು, ಬಿಡುವುದು ಆಕೆಯ ತೀರ್ಮಾನ. ಕೊಡುತ್ತೇನೆ ಎಂದರೆ ಕೇಸ್ ಶೀಟಿನ ಪ್ರತಿ ಕೇಳುವುದು ಹೇಗೆ, ಆಸ್ಪತ್ರೆಯಲ್ಲಿ ದೂರು ಯಾರ ಬಳಿಗೆ ಹೋಗುತ್ತದೆ, ಅಲ್ಲಿ ಆಗದಿದ್ದರೆ ಮುಂದೆ ಎಲ್ಲಿಗೆ ಎಂಬುದನ್ನು ತಿಳಿಸಿ. ಬರೆಯುವುದು ಆಕೆಯೇ, ನೀವು ಕಂಡದ್ದಕ್ಕೆ ಸಾಕ್ಷಿ. ಹೆಸರಿಲ್ಲದೆಯೂ ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ದಿನಾಂಕ, ವಾರ್ಡು, ಮಗು ಹೆಣ್ಣೋ ಗಂಡೋ ಎಂಬ ಮೂರೇ ವಿವರ ಸಾಕು, ಅದು ಯಾರೆಂದು ಪರಿಚಯದವರಿಗೆ ತಿಳಿಯುತ್ತದೆ.

ನೀವು ಆಸ್ಪತ್ರೆಯ ಸಿಬ್ಬಂದಿಯಾಗಿದ್ದರೆ ನಿಮ್ಮ ಮೇಲೆ ಇನ್ನೊಂದು ಹೊಣೆಯಿದೆ. ತಾಯಿ ದೂರು ಕೊಡದಿದ್ದರೂ, ಸುರಕ್ಷತೆಗೆ ಧಕ್ಕೆ ತಂದ ಘಟನೆಯನ್ನು ಆಸ್ಪತ್ರೆಯೊಳಗಿನ ಘಟನಾ ವರದಿಯಲ್ಲಿ ದಾಖಲಿಸಬೇಕು. ಹೀಗೆ ದಾಖಲಿಸಬೇಕಾಗಬಹುದು ಎಂದು ಮೊದಲ ಭೇಟಿಯಲ್ಲೇ ಆಕೆಗೆ ಹೇಳಿರಬೇಕು. ಬರೆದ ವರದಿಯನ್ನು ಬದಲಿಸಲು ಹೇಳಿದರೆ ಆ ಮಾತನ್ನು ಬರಹದಲ್ಲಿ ಕೊಡಿ ಎಂದು ಕೇಳಿ, ಹಂತ 1ರಲ್ಲಿ ಪಡೆದ ಉತ್ತರದ ಪ್ರತಿಯನ್ನು ಎದುರಿಗಿಡಿ. ಅಷ್ಟಾದರೂ ಒತ್ತಾಯ ನಿಲ್ಲದಿದ್ದರೆ, ಈಗಾಗಲೇ ಒಪ್ಪಿಕೊಂಡ ತಾಯಂದಿರಿಗೆ ಬೇರೆ ಡೌಲಾ ವ್ಯವಸ್ಥೆ ಮಾಡಿ, ಆ ಕೆಲಸ ಬಿಡಿ.